ಕಾಣದ ಹೊಗೆಯ ಖಾತೆ ಯಾರ ಹೆಸರಿನಲ್ಲಿ?

ಎರಡು ತಿಂಗಳಿಗೊಮ್ಮೆ ನಮ್ಮ ಮನೆಗೆ ಗ್ಯಾಸ್ ಬಿಲ್ಲು ಬರುತ್ತದೆ. ಸಿಲಿಂಡರಿನದಲ್ಲ, ಬೀದಿಯಡಿಯ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ್ದು. ಹಿಂದಿನ ರೀಡಿಂಗ್ ಇಷ್ಟು, ಈಗಿನ ರೀಡಿಂಗ್ ಇಷ್ಟು, ಬಳಸಿದ್ದು ಇಷ್ಟು ಘನ ಮೀಟರ್, ದರ ಇಷ್ಟು, ಕಟ್ಟಲು ಕೊನೆಯ ದಿನ ಇಂಥದ್ದು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನಿಗೆ ಇಂಥ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೂಡಿ, ಕಳೆದು, ಸರಿಯಿದೆ ಎನಿಸಿದರೆ ಮೂಲೆಯಲ್ಲಿ ಒಂದು ಟಿಕ್ ಹಾಕಿ ಫೈಲಿಗೆ ಸೇರಿಸುತ್ತೇನೆ.

ನಾನು ಓದಿದ್ದು ಬಿ.ಕಾಂ. ಅಲ್ಲಿ ಕಲಿಸಿದ ಮೊದಲ ಪಾಠ ಇದು: ಒಂದು ಖಾತೆಯಿಂದ ಹೊರಟದ್ದು ಇನ್ನೊಂದು ಖಾತೆಗೆ ಬಂದೇ ಬರಬೇಕು. ನಡುವೆ ಮಾಯವಾಗುವಂತಿಲ್ಲ. ಗ್ಯಾಸ್ ಬಿಲ್ಲಿನಲ್ಲಿ ಮನೆಗೆ ಬಂದ ಗ್ಯಾಸಿನ ಲೆಕ್ಕವಿದೆ. ಉರಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬ ಕಲಂ ಇಲ್ಲ. ಆ ಕಲಮನ್ನು ನಾವೇ ಬರೆಯಬೇಕಾಗಿ ಬಂದದ್ದು ಒಂಬತ್ತನೇ ತರಗತಿಯಲ್ಲಿರುವ ಮೊಮ್ಮಗಳ ದೆಸೆಯಿಂದ.

ಶಾಲೆಯಲ್ಲಿ ಅವಳಿಗೆ ‘ನಮ್ಮ ಮನೆಯ ಇಂಗಾಲದ ಲೆಕ್ಕ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯಲ್ಲಿ ಏನೇನು ಉರಿಯುತ್ತದೆ, ಅದರಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಅದನ್ನು ಬಳಸುವವರು ಯಾರು ಎಂದು ಪಟ್ಟಿ ಮಾಡಬೇಕು. ಅವಳು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಬರೆದಳು. ಕಾರು: ಅಪ್ಪ. ಕರೆಂಟು: ಎಲ್ಲರೂ. ಗ್ಯಾಸ್: ಅಜ್ಜಿ.

ಆಗ ಜನವರಿ, ಅವರೆಕಾಯಿಯ ಕಾಲ. ನನ್ನವಳು ನೆಲದ ಮೇಲೆ ಕಾಲು ಚಾಚಿ ಕೂತು ನೆನೆದ ಅವರೆಕಾಳು ಹಿತಕುತ್ತಿದ್ದಳು. ಒಣಗಲೆಂದು ಪಕ್ಕದಲ್ಲಿ ಹರಡಿದ್ದ ಹಾಳೆಯನ್ನು ಒಮ್ಮೆ ಓದಿದಳು. ಮೊಮ್ಮಗಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, “ಇಷ್ಟು ವರ್ಷ ಹೊಗೆ ಕುಡಿದೋಳೂ ನಾನೇ. ಈಗ ಹೊಗೆ ಬಿಡೋಳೂ ನಾನೇನಾ?” ಅಂದಳು, ಅಷ್ಟೆ.

ಆ ಮಾತಿನ ಹಿಂದೆ ನಾಲ್ಕು ಒಲೆಗಳ ಚರಿತ್ರೆಯಿದೆ. ಮದುವೆಯಾಗಿ ತಿಪಟೂರಿನ ಕಡೆಯ ನಮ್ಮ ಹಳ್ಳಿಮನೆಗೆ ಬಂದಾಗ ಅವಳ ಕೈಗೆ ಸಿಕ್ಕಿದ್ದು ಊದುಕೊಳವೆ. ತೆಂಗಿನ ಮಟ್ಟೆ, ಗರಿ, ಸೌದೆ. ಮಳೆಗಾಲದಲ್ಲಿ ಹಸಿ ಸೌದೆ ಹೊಗೆಯೋ ಹೊಗೆ. ನಮ್ಮ ಅಮ್ಮನ ಕೆಮ್ಮು ಕೊನೆಯವರೆಗೂ ನಿಲ್ಲಲಿಲ್ಲ. ಆಮೇಲೆ ವರ್ಗವಾದ ಊರುಗಳಲ್ಲಿ ಬತ್ತಿ ಸ್ಟೌವ್, ಸೀಮೆಎಣ್ಣೆಯ ಕ್ಯೂ, ಮಸಿ ಹಿಡಿದ ಪಾತ್ರೆ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸಿಲಿಂಡರ್ ಬಂತು. ಈಗ ಬೆಂಗಳೂರಿನ ಈ ಮನೆಯಲ್ಲಿ ಕೊಳವೆಯ ಗ್ಯಾಸ್. ಸೌದೆ ಒಲೆಯ ಹೊಗೆ ಬರೀ ಕಣ್ಣುರಿಯ ವಿಷಯವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ. ಹೆಚ್ಚಿನ ಪೆಟ್ಟು ಬೀಳುವುದು ಒಲೆಯ ಮುಂದಿರುವ ಹೆಂಗಸರಿಗೆ, ಅವರ ಪಕ್ಕದಲ್ಲಿರುವ ಮಕ್ಕಳಿಗೆ. ನೀಲಿ ಉರಿ ಅವಳಿಗೆ ಬಿಡುಗಡೆಯಾಗಿ ಬಂದಿತ್ತು. ಈಗ ಅದೇ ಅವಳ ಹೆಸರಿನ ಮುಂದೆ ಅಪರಾಧವಾಗಿ ಕೂತಿತ್ತು.

ಮುಂದಿನ ದಿನಗಳಲ್ಲಿ ಅವಳು ಮಧ್ಯಾಹ್ನದ ಕಾಫಿ ಬಿಟ್ಟಳು. ರಾತ್ರಿ ತಣ್ಣನೆ ಅನ್ನಕ್ಕೆ ತಣ್ಣನೆ ಸಾರು ಹಾಕಿಕೊಂಡಳು. ಮಂಡಿನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವುದನ್ನೂ ನಿಲ್ಲಿಸಿದಳು. ಕೇಳಿದರೆ, “ಬಿಡಿ, ಅದಕ್ಯಾಕೆ ಗ್ಯಾಸ್ ದಂಡ” ಎಂಬ ಉತ್ತರ. 70 ದಾಟಿದ ಹೆಂಗಸು ಚಳಿಗಾಲದಲ್ಲಿ ತಂಗಳು ತಿನ್ನುವುದು ನನಗೆ ನೋಡಲಾಗಲಿಲ್ಲ. ಆದರೆ ಮೊಮ್ಮಗಳು ಎತ್ತಿದ ವಿಷಯವೂ ತಳ್ಳಿಹಾಕುವಂಥದ್ದಲ್ಲ. ಹೀಗಾದಾಗ ಬ್ಯಾಂಕಿನವರು ಮಾಡುವುದು ಒಂದೇ, ಆಡಿಟ್. ಮೊಮ್ಮಗಳನ್ನೇ ಸಹಾಯಕಿ ಮಾಡಿಕೊಂಡು ಹೊಸ ನೋಟ್‌ಬುಕ್ ತೆರೆದೆ.

ಮೊದಲು ಉರಿಯುವುದೆಂದರೇನು ಎಂಬುದು ಗೊತ್ತಾಗಬೇಕಿತ್ತು. ಈ ಪಾಠಕ್ಕೆ ಅವಳು ಮೇಷ್ಟರು, ನಾನು ವಿದ್ಯಾರ್ಥಿ. ಕೊಳವೆಯ ಗ್ಯಾಸಿನ ಬಹುಪಾಲು ಮೀಥೇನ್. ಅದರ ಒಂದು ಅಣುವಿನಲ್ಲಿ ಒಂದು ಇಂಗಾಲ, ನಾಲ್ಕು ಜಲಜನಕ. ಇಂಗಾಲದ ತೂಕ 12, ಜಲಜನಕದ್ದು ಒಂದೊಂದು, ಒಟ್ಟು 16. ಉರಿಯುವಾಗ ಇದು ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 16 ಗ್ರಾಂ ಮೀಥೇನಿಗೆ 64 ಗ್ರಾಂ ಆಮ್ಲಜನಕ ಬೇಕು. ಬಂದದ್ದು ಒಟ್ಟು 80. ಹೊರಟದ್ದು 44 ಗ್ರಾಂ ಇಂಗಾಲದ ಡೈಆಕ್ಸೈಡ್, 36 ಗ್ರಾಂ ನೀರಿನ ಆವಿ. ಅದೂ 80.

“ತಾತ, ಟ್ಯಾಲಿ ಆಯ್ತಾ?” ಅಂದಳು.

ಒಂದು ಪೈಸೆಯೂ ವ್ಯತ್ಯಾಸವಿಲ್ಲದೆ ಟ್ಯಾಲಿಯಾಗಿತ್ತು. ದಿನದ ಕೊನೆಗೆ ಹತ್ತು ಪೈಸೆ ಕೂಡಿಬರದೆ ರಾತ್ರಿ ಒಂಬತ್ತರವರೆಗೆ ಕೂತವರಿಗೆ ಮಾತ್ರ ಗೊತ್ತು, ಇಂಥ ಲೆಕ್ಕ ನೋಡಿದರೆ ಆಗುವ ಸಂತೋಷ.

ನೀರಿನ ಆವಿಯ ಮಾತು ನಂಬದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯನ್ನು ಹಚ್ಚಿದ ಒಲೆಯ ಮೇಲಿಟ್ಟ ತಕ್ಷಣ ಅದರ ಹೊರಮೈ ನೋಡಿ. ಒಂದೆರಡು ಗಳಿಗೆ ಮಂಜು ಹಿಡಿದಂತೆ ಮಸುಕಾಗಿ ಮತ್ತೆ ಮಾಯವಾಗುತ್ತದೆ. ಅದು ಪಾತ್ರೆಯೊಳಗಿನ ನೀರಲ್ಲ, ಉರಿಯಲ್ಲಿ ಹುಟ್ಟಿದ ನೀರು. ಮಕ್ಕಳು ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನೋಡಬೇಕು. ಆವಿ ಹೀಗೆ ಒಂದು ಗಳಿಗೆ ಮುಖ ತೋರಿಸುತ್ತದೆ. ಅದರ ಜೊತೆಯಲ್ಲೇ ಹೊರಟ ಇಂಗಾಲದ ಡೈಆಕ್ಸೈಡ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ಈ ಲೆಕ್ಕದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ತೂಕ. ಒಂದು ಕಿಲೋ ಗ್ಯಾಸ್ ಉರಿಸಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಎರಡೂಮುಕ್ಕಾಲು ಕಿಲೋ. ಉರಿಸಿದ್ದು ಹಗುರಾಗಬೇಕಲ್ಲವೇ ಎಂದರೆ, ಹೆಚ್ಚಿನ ತೂಕವೆಲ್ಲ ಗಾಳಿಯಿಂದ ಸೇರಿದ ಆಮ್ಲಜನಕದ್ದು. ಬಿಲ್ಲಿನಲ್ಲಿರುವುದು ಕಿಲೋ ಅಲ್ಲ, ಘನ ಮೀಟರ್. ಒಂದು ಘನ ಮೀಟರ್ ಗ್ಯಾಸಿನ ತೂಕ ಹೆಚ್ಚುಕಡಿಮೆ 700 ಗ್ರಾಂ. ಹಾಗಾಗಿ ಪ್ರತಿ ಘನ ಮೀಟರಿಗೆ ಸುಮಾರು 1.9 ಕಿಲೋ ಇಂಗಾಲದ ಡೈಆಕ್ಸೈಡ್. ಬಿಲ್ಲಿನಲ್ಲಿ ಇಲ್ಲದ ಕಲಂ ಇದೇ. ನಿಮ್ಮ ಮನೆಯ ಬಿಲ್ಲಿನ ಅಂಕಿಯನ್ನು 1.9ರಿಂದ ಗುಣಿಸಿದರೆ ನಿಮ್ಮದೂ ಸಿಗುತ್ತದೆ. ಸಿಲಿಂಡರ್ ಇರುವವರಿಗೆ ಇನ್ನೂ ಸುಲಭ: 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ ಸುಮಾರು 42 ಕಿಲೋ. ಅಷ್ಟೇ ಶಾಖಕ್ಕೆ ಹೋಲಿಸಿದರೆ ಕೊಳವೆಯ ಗ್ಯಾಸಿನದು ಸಿಲಿಂಡರಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಕಲ್ಲಿದ್ದಲಿಗಿಂತ ಸುಮಾರು 40% ಕಡಿಮೆ.

ಇಲ್ಲಿ ಮೊಮ್ಮಗಳಿಗೆ ಒಂದು ಅನುಮಾನ ಬಂತು. ನಾವು ಉಸಿರು ಬಿಟ್ಟಾಗಲೂ ಇದೇ ಇಂಗಾಲದ ಡೈಆಕ್ಸೈಡ್ ಬರುತ್ತದೆ, ದಿನಕ್ಕೆ ಒಬ್ಬರಿಂದ ಸುಮಾರು ಒಂದು ಕಿಲೋ. ಅದನ್ನೂ ಬರೆಯಬೇಕೇ? ಬೇಡ. ನಾವು ತಿಂದ ರಾಗಿ, ಅಕ್ಕಿ, ಬೇಳೆಯಲ್ಲಿರುವ ಇಂಗಾಲವನ್ನು ಗಿಡಗಳು ಗಾಳಿಯಿಂದ ಪಡೆದದ್ದು ಮೊನ್ನೆ ಮೊನ್ನೆ. ಅದನ್ನೇ ಉಸಿರಿನಲ್ಲಿ ಹಿಂದಿರುಗಿಸುತ್ತೇವೆ. ಮುಂದಿನ ಬೆಳೆ ಮತ್ತೆ ಅದನ್ನು ಎತ್ತಿಕೊಳ್ಳುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇದು ಚಾಲ್ತಿ ಖಾತೆ, ದಿನವೂ ಬರುತ್ತದೆ, ಹೋಗುತ್ತದೆ. ಗ್ಯಾಸು ಹಾಗಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಜೀವಿಗಳ ಇಂಗಾಲ ಭೂಮಿಯ ಆಳದಲ್ಲಿ ಠೇವಣಿಯಾಗಿ ಕೂತಿತ್ತು. ಅದನ್ನು ನಾವು ಅವಧಿಗೆ ಮುಂಚೆ ಮುರಿದು ಗಾಳಿಗೆ ಜಮಾ ಮಾಡುತ್ತಿದ್ದೇವೆ. ಬಿಟ್ಟದ್ದರಲ್ಲಿ ಸುಮಾರು ಅರ್ಧವನ್ನು ಕಡಲೂ ಕಾಡೂ ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ ನಿಲ್ಲುತ್ತದೆ, ಅದರಲ್ಲಿ ಒಂದು ಪಾಲು ನೂರಾರು ವರ್ಷ. ಅದು ಭೂಮಿಯ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡದೆ ಕಂಬಳಿಯಂತೆ ಹಿಡಿದಿಡುತ್ತದೆ.

ಗಾಳಿಯ ಆ ಖಾತೆಗೂ ಒಬ್ಬರು ಲೆಡ್ಜರ್ ತೆರೆದಿದ್ದಾರೆ ಎಂದು ತಿಳಿದಾಗ ನನಗೆ ವಿಶೇಷ ಗೌರವ ಹುಟ್ಟಿತು. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಈ ಅನಿಲವನ್ನು ಅಳೆಯತೊಡಗಿದರು. ಆಗ ನಾನು ಹಳ್ಳಿಯ ಶಾಲೆಯಲ್ಲಿ ಸ್ಲೇಟು ಹಿಡಿದಿದ್ದೆ. ಅವರ ಪುಸ್ತಕದ ಆರಂಭದ ಶಿಲ್ಕು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315. ಕೀಲಿಂಗ್ 2005ರಲ್ಲಿ ತೀರಿಕೊಂಡರು, ಲೆಕ್ಕ ನಿಲ್ಲಲಿಲ್ಲ. 2013ರಲ್ಲಿ ಅದು ಮೊದಲ ಬಾರಿಗೆ 400 ಮುಟ್ಟಿತು. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಅದು ಸುಮಾರು 280 ಇತ್ತು. ನನ್ನ ಒಂದು ಆಯುಷ್ಯದೊಳಗೆ ಏರಿದ್ದು ನೂರಕ್ಕೂ ಹೆಚ್ಚು.

ಸರಿ, ಇದರಲ್ಲಿ ನಮ್ಮ ಅಡುಗೆಮನೆಯ ಪಾಲೆಷ್ಟು? ಎರಡು ತಿಂಗಳ ಬಿಲ್ಲಿನಲ್ಲಿ 46 ಘನ ಮೀಟರ್ ಇತ್ತು. ಆದರೆ ನಮ್ಮ ಮನೆಯಲ್ಲಿ ಒಂದೇ ಮೀಟರಿನಿಂದ ಎರಡು ಕವಲು. ಒಂದು ಒಲೆಗೆ, ಇನ್ನೊಂದು ಬಟ್ಟೆ ಒಗೆಯುವ ಜಾಗದಲ್ಲಿ ಬಯಲಿಗಿರುವ ಗ್ಯಾಸ್ ಗೀಸರಿಗೆ. (ಗೀಸರನ್ನು ಗಾಳಿಯಾಡದ ಬಚ್ಚಲಿನೊಳಗೆ ಇಡಲೇಬಾರದು. ಆಮ್ಲಜನಕ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಎಚ್ಚರಿಕೆ ಕೊಡದೆ ಜೀವ ತೆಗೆಯುತ್ತದೆ.) ಬಿಲ್ಲು ಎರಡನ್ನೂ ಒಟ್ಟು ಸೇರಿಸಿ ತೋರಿಸುತ್ತದೆ. ಮೊಮ್ಮಗಳ ಪಟ್ಟಿಯಲ್ಲಿ ಅಷ್ಟೂ ಅಜ್ಜಿಯ ಹೆಸರಿಗೆ ಬಿದ್ದಿತ್ತು.

ಫೆಬ್ರವರಿ 1ರಿಂದ ಮಾರ್ಚ್ 2ರವರೆಗೆ, 30 ದಿನ, ನಾವಿಬ್ಬರೂ ಮೀಟರ್ ಓದಿದೆವು. ಅದರಲ್ಲಿ ಕಪ್ಪು ಅಂಕಿಗಳು ಘನ ಮೀಟರ್, ಕೊನೆಯ ಕೆಂಪು ಅಂಕಿಗಳು ಅದರ ಸಾವಿರದ ಭಾಗ. ಸ್ನಾನ ನಡೆಯುವಾಗ ಒಲೆ ಹಚ್ಚಬಾರದು, ಒಲೆ ಉರಿಯುವಾಗ ಗೀಸರ್ ಹಾಕಬಾರದು ಎಂದು ಒಪ್ಪಂದವಾಯಿತು. ಪ್ರತಿ ಸ್ನಾನಕ್ಕೆ ಮೊದಲು ಒಂದು ರೀಡಿಂಗ್, ಆಮೇಲೆ ಒಂದು. ಸೊಸೆ ನಗುತ್ತಾ, “ಮಾವ, ಕೌಂಟರ್ ತೆರೆದಿದ್ಯಾ? ಸ್ನಾನಕ್ಕೆ ಹೋಗಬಹುದಾ?” ಎಂದು ಕೇಳಿ ಹೋಗುತ್ತಿದ್ದಳು. ಮಗ ಮಾತ್ರ ಗೊಣಗಿದ.

ತಿಂಗಳ ಕೊನೆಗೆ ಕೂಡಿಸಿದಾಗ ಸಿಕ್ಕಿದ್ದು ಹೀಗೆ. ಒಟ್ಟು 23 ಘನ ಮೀಟರ್. ಅದರಲ್ಲಿ ಅಡುಗೆಗೆ 11, ಸ್ನಾನಕ್ಕೆ 12. ಐದು ಜನಕ್ಕೆ ತಿಂಡಿ, ಎರಡು ಹೊತ್ತಿನ ಊಟ, ಹಾಲು, ಕಾಫಿ ಎಲ್ಲ ಸೇರಿದರೂ ಬಿಸಿನೀರಿನಷ್ಟು ಆಗಿರಲಿಲ್ಲ. ಇಂಗಾಲದ ಡೈಆಕ್ಸೈಡಿಗೆ ತಿರುಗಿಸಿದರೆ ಅಡುಗೆಯದು ಸುಮಾರು 21 ಕಿಲೋ, ಸ್ನಾನದ್ದು ಸುಮಾರು 23 ಕಿಲೋ. ನೀರು ಬಲು ಹಸಿದ ಗಿರಾಕಿ. ಅದನ್ನು ಬಿಸಿ ಮಾಡಲು ಹಿಡಿಯುವಷ್ಟು ಶಾಖ ಮನೆಯಲ್ಲಿ ಬೇರೆ ಯಾವುದಕ್ಕೂ ಹಿಡಿಯುವುದಿಲ್ಲ. ಒಂದು ಬಕೆಟ್ ನೀರಿನಲ್ಲಿ ಮುಗಿಯುವ ನನ್ನವಳ ಸ್ನಾನಕ್ಕೆ ತಗಲುತ್ತಿದ್ದುದು ಒಂದು ಘನ ಮೀಟರಿನ ಇಪ್ಪತ್ತನೇ ಒಂದು ಭಾಗ. ಷವರ್ ಕೆಳಗೆ ನಿಂತು ಯೋಚನೆ ಮಾಡುವ ಅಭ್ಯಾಸವಿರುವ ಮಗನ ಸ್ನಾನಕ್ಕೆ ಅದರ ಮೂರು ಪಟ್ಟು.

ಅಡುಗೆಯ 11ರಲ್ಲೂ ಒಂದು ಸಂಗತಿ ಸಿಕ್ಕಿತು. ಸಂಜೆ ಏಳಕ್ಕೆ ಅಡುಗೆ ಮುಗಿದ ಮೇಲೂ ಮೀಟರಿನ ಕೆಂಪು ಅಂಕಿ ಓಡುತ್ತಲೇ ಇತ್ತು. ಟ್ಯೂಷನ್ ಮುಗಿಸಿ ಬಂದ ಮೊಮ್ಮಗಳಿಗೆ ಎಂಟಕ್ಕೆ ಒಮ್ಮೆ ಸಾರು ಬಿಸಿ. ಸೊಸೆಗೆ ಒಂಬತ್ತಕ್ಕೆ ಮತ್ತೊಮ್ಮೆ. ಆಫೀಸಿನ ಫೋನು ಮುಗಿಸಿದ ಮಗನಿಗೆ ಹತ್ತೂವರೆಗೆ ಮತ್ತೊಮ್ಮೆ, ಜೊತೆಗೆ ಹೊಸದಾಗಿ ಎರಡು ಚಪಾತಿ. ಒಂದೇ ಸಾರು, ಮೂರು ಸಲ ಕುದಿ. ಒಲೆಯ ತಿರುಪು ತಿರುಗಿಸುವ ಕೈ ನನ್ನವಳದು. ಆದರೆ ಅದು ತಿರುಗುವುದು ಬೇರೆಯವರ ಗಡಿಯಾರದಿಂದ.

ಬ್ಯಾಂಕಿನಲ್ಲಿ ನಾವು ದಿನವೂ ಮಾಡುತ್ತಿದ್ದ ಕೆಲಸ ನೆನಪಾಯಿತು. ಕೌಂಟರಿಗೆ ಬಂದು ಹಣ ಪಡೆದು ಹೋದವನೇ ಸಾಲಗಾರನೆಂದು ನಾವು ಬರೆಯುವುದಿಲ್ಲ. ಅವನು ಯಾರ ಪರವಾಗಿ ಬಂದ, ಖಾತೆ ಯಾರದು ಎಂದು ಮೊದಲು ನೋಡುತ್ತೇವೆ. ಅಡುಗೆ ಮಾಡುವವಳು ಈ ಖಾತೆಯಲ್ಲಿ ವಹಿವಾಟು ಮಾಡುವವಳು, ಮಾಲೀಕಳಲ್ಲ. ಇದು ಜಂಟಿ ಖಾತೆ, ಉಂಡವರೆಲ್ಲರದ್ದು, ಮಿಂದವರೆಲ್ಲರದ್ದು.

ಸೊಸೆ ಒಂದು ಒಳ್ಳೆಯ ಪ್ರಶ್ನೆ ಹಾಕಿದಳು. “ಮಾವ, ಇಂಡಕ್ಷನ್ ಒಲೆ ತಂದುಬಿಟ್ಟರೆ? ಉರಿಯೇ ಇಲ್ಲವಲ್ಲ.” ಅದನ್ನೂ ಲೆಕ್ಕ ಹಾಕಿದೆವು. ನಮ್ಮ ತಿಂಗಳ ಅಡುಗೆಗೆ ಹೆಚ್ಚುಕಡಿಮೆ 70 ಯೂನಿಟ್ ಕರೆಂಟು ಬೇಕಾದೀತು. ದೇಶದ ಸರಾಸರಿಯಂತೆ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ, ಏಕೆಂದರೆ ಅದರ ಬಹುಪಾಲು ಬರುವುದು ಕಲ್ಲಿದ್ದಲಿನಿಂದ. ಅಂದರೆ 49 ಕಿಲೋ, ಗ್ಯಾಸಿನ ಎರಡು ಪಟ್ಟಿಗೂ ಹೆಚ್ಚು. ನಮ್ಮ ಅಡುಗೆಮನೆಯಲ್ಲಿ ಉರಿ ಆರುತ್ತದೆ, ರಾಯಚೂರಿನ ಶಕ್ತಿನಗರದ ಚಿಮಣಿಯಲ್ಲಿ ಹೊಗೆ ಏಳುತ್ತದೆ. ಒಂದು ಶಾಖೆಯ ಬಾಕಿಯನ್ನು ಇನ್ನೊಂದು ಶಾಖೆಗೆ ವರ್ಗಾಯಿಸಿದಂತೆ. ಆದರೆ ಈ ಅಂಕಿ ಸದಾ ಹೀಗೇ ಇರುವುದಲ್ಲ. ನಮ್ಮ ಕರ್ನಾಟಕದಲ್ಲಿ ಶರಾವತಿಯ ನೀರು, ಗದಗ ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಕೊಡುವ ಕರೆಂಟೂ ಇದೆ. ಮನೆಯ ಮಾಳಿಗೆಯ ಮೇಲೆ ಸೌರಫಲಕ ಇರುವವರಿಗೆ ಹಗಲಿನ ಇಂಡಕ್ಷನ್ ಅಡುಗೆ ಈಗಲೇ ಲಾಭ. ಉಳಿದವರಿಗೂ ಆ ದಿನ ದೂರವಿಲ್ಲ.

ಇನ್ನೊಂದು ಕಡೆಯ ಸೋರಿಕೆಯನ್ನೂ ಬರೆಯಬೇಕು. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್ ದೂರದ ಕೊಳವೆ ಬಂದದ್ದು 2013ರಲ್ಲಿ. ಹೊರದೇಶದ ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವವಾಗಿಸಿ, ಹಡಗಿನಲ್ಲಿ ತರುತ್ತಾರೆ. ಬಂದರಿನಲ್ಲಿ ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. ಇಷ್ಟು ದಾರಿಯಲ್ಲಿ ಎಲ್ಲೇ ಸೋರಿದರೂ ನಷ್ಟ ದೊಡ್ಡದು. ಉರಿಯದೆ ಗಾಳಿಗೆ ಸೇರಿದ ಮೀಥೇನ್, 20 ವರ್ಷಗಳ ಅವಧಿಯ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಏರಿಸುತ್ತದೆ. ದೊಡ್ಡ ಕೊಳವೆ ನೋಡಿಕೊಳ್ಳುವುದು ಕಂಪನಿಯ ಕೆಲಸ. ಮನೆಯೊಳಗಿನ ರಬ್ಬರ್ ಪೈಪು, ತಿರುಪು ನಮ್ಮ ಕೆಲಸ. ಮೀಥೇನಿಗೆ ಸ್ವಂತ ವಾಸನೆಯಿಲ್ಲ, ನಮಗೆ ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು, ಮುಖ್ಯ ತಿರುಪು ಮುಚ್ಚಿ, ಕಂಪನಿಯ ತುರ್ತು ಸಂಖ್ಯೆಗೆ ಹೇಳಬೇಕು.

ಲೆಕ್ಕ ಮುಗಿದ ಮೇಲೆ ಮನೆಯವರೆಲ್ಲ ಒಂದು ಭಾನುವಾರ ಕೂತೆವು. ವರ್ಷಕ್ಕೆ ಗ್ಯಾಸಿನಿಂದ ನಮ್ಮ ಮನೆಯದು ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು, ತಲೆಗೆ ಸುಮಾರು 105 ಕಿಲೋ. ಎಲ್ಲ ಬಾಬ್ತು ಸೇರಿ ಭಾರತದಲ್ಲಿ ಒಬ್ಬರ ಸರಾಸರಿ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್. ಮಗನ ಕಾರು ತಿಂಗಳಿಗೆ 80 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ 2.3 ಕಿಲೋ ಹಿಡಿದರೆ 184 ಕಿಲೋ, ಅಡುಗೆಯ ಸುಮಾರು ಒಂಬತ್ತು ಪಟ್ಟು. ಹಾಗೆಂದು ಗ್ಯಾಸಿನ ಲೆಕ್ಕ ಬಿಡುವಂತಿಲ್ಲ. ಸಣ್ಣ ಸಾಲವೂ ಸಾಲವೇ. ಆದರೆ ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ವಿವೇಕ ಬೇಕು. ಇಂದಿಗೂ ಸೌದೆ ಊದುತ್ತಿರುವ ಹೆಣ್ಣುಮಗಳು ಗ್ಯಾಸಿಗೆ ಬಂದರೆ ಅದನ್ನು ಯಾರೂ ತಪ್ಪೆನ್ನಬಾರದು. ಅವಳ ಶ್ವಾಸಕೋಶ ಮೊದಲು. ನಮ್ಮ ಮನೆಯಲ್ಲೂ ಅಜ್ಜಿಯ ಕಾಫಿ, ಅಜ್ಜಿಯ ಬಿಸಿಯೂಟ, ಮಂಡಿಯ ಶಾಖ ಇವು ಕಡಿತದ ಪಟ್ಟಿಯಿಂದ ಹೊರಗೆ ಎಂದು ಮೊದಲ ನಿರ್ಣಯವಾಯಿತು.

ಎರಡನೆಯದು ಸ್ನಾನದ ನೀರು. ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಹಾಕಿಸಿದೆವು. ಮೇ ತಿಂಗಳಲ್ಲಿ ಗೀಸರ್ ಬಳಸಿದ್ದು ಒಂದೇ ಘನ ಮೀಟರ್. ಜುಲೈಯ ಮೋಡದಲ್ಲಿ ಅದು 6ಕ್ಕೆ ಏರಿತು. ಆರು ತಿಂಗಳ ಸರಾಸರಿ ತೆಗೆದರೆ 12 ಇದ್ದದ್ದು 4ಕ್ಕೆ ಬಂದಿದೆ. ಮೂರನೆಯದು ಸಾರಿನ ಮೂರು ಕುದಿ. ವಾರದಲ್ಲಿ ನಾಲ್ಕು ದಿನವಾದರೂ ಎಂಟೂಕಾಲಕ್ಕೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕೆಂದು ಗೊತ್ತುಮಾಡಿದೆವು. ಕಾಳು ಹಿಂದಿನ ರಾತ್ರಿಯೇ ನೆನೆಹಾಕುವುದು, ಕುದಿಯುವಾಗ ಪಾತ್ರೆ ಮುಚ್ಚುವುದು, ಕುಕ್ಕರ್ ಕೂಗಿದ ಮೇಲೆ ಉರಿ ತಗ್ಗಿಸುವುದು, ಉರಿ ನೀಲಿಯಿಂದ ಹಳದಿಗೆ ತಿರುಗಿದರೆ ಬರ್ನರ್ ತೊಳೆಯುವುದು ಇವೆಲ್ಲ ನನ್ನವಳು ಮೊದಲಿನಿಂದಲೂ ಮಾಡಿಕೊಂಡು ಬಂದದ್ದೇ. ಹೊಸದಾಗಿ ಕಲಿತವರು ಉಳಿದ ನಾಲ್ವರು. ಅಡುಗೆಯ 11 ಈಗ 9ರ ಹತ್ತಿರ ನಿಂತಿದೆ. ಒಟ್ಟು ತಿಂಗಳಿಗೆ 10 ಘನ ಮೀಟರ್, ಸುಮಾರು 19 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಕೆ. ಒಟ್ಟಿಗೆ ಉಣ್ಣುವುದರಿಂದ ಆದ ಇತರ ಲಾಭಗಳಿಗೆ ನನ್ನ ಪುಸ್ತಕದಲ್ಲಿ ಕಲಂ ಇಲ್ಲ.

ಗಂಡ ಹೆಂಡಿರ ಜಂಟಿ ಖಾತೆಗೆ ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದು ಬರೆಯುತ್ತೇವೆ. ಇಬ್ಬರಲ್ಲಿ ಯಾರು ಬೇಕಾದರೂ ವಹಿವಾಟು ಮಾಡಬಹುದು, ಒಬ್ಬರು ಹೋದ ಮೇಲೆ ಉಳಿದವರಿಗೆ ಖಾತೆ. ಗಾಳಿಯ ಖಾತೆಯೂ ಹಾಗೇ. ಈಗ ವಹಿವಾಟು ಮಾಡುತ್ತಿರುವವರಲ್ಲಿ ನಾವು ಮುದುಕರೂ ಇದ್ದೇವೆ. ಉಳಿದಿದ್ದು ಶಿಲ್ಕು ನೋಡಬೇಕಾದವಳು ಮೊಮ್ಮಗಳು. ಅವಳು ಲೆಕ್ಕ ಕೇಳಿದರೆ ಕೊಡಬೇಕಾದದ್ದು ನ್ಯಾಯ.

ಮೊಮ್ಮಗಳು ಹೊಸ ಹಾಳೆಯಲ್ಲಿ ಪಟ್ಟಿಯನ್ನು ಮತ್ತೆ ಬರೆದಳು. ಗ್ಯಾಸಿನ ಸಾಲನ್ನು ಎರಡು ಮಾಡಿದಳು, ಊಟ ಮತ್ತು ಸ್ನಾನ. ಎರಡರ ಮುಂದೆಯೂ ಐವರ ಹೆಸರು ಬರೆದು ಸಹಿಗೆ ಜಾಗ ಬಿಟ್ಟಳು. ಅಜ್ಜಿಯ ಹತ್ತಿರ ಪೆನ್ನು ಹಿಡಿದು ಹೋಗಿ, “ಮೊದಲು ನೀನೇ ಸಹಿ ಹಾಕು ಅಜ್ಜಿ” ಅಂದಳು.

ನನ್ನವಳು ಪೆನ್ನು ತೆಗೆದುಕೊಳ್ಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು, “ನನಗೇನು ಅವಸರ ಪುಟ್ಟಿ? ಬಿಸಿನೀರು ಜಾಸ್ತಿ ಸುರಿದುಕೊಂಡೋರು ಮೊದಲು ಹಾಕಲಿ” ಅಂದಳು. ಮಗ ಎದ್ದು ಬಂದು ಸಹಿ ಹಾಕಿದ.